ಮನೆಯ ಓದು: ಎರಡನೆಯ ಪುಸ್ತಕ



ಮಕ್ಕಳ ಕೈಗೆ ಒಂದು ಕಥಾಮಾಲೆಯ ಮೊದಲನೆಯ ಪುಸ್ತಕವನ್ನು ಕೊಡುವುದು ಸುಲಭ. ಎರಡನೆಯದನ್ನು ಓದಿಸುವುದು ಕಷ್ಟ. ಮೊದಲನೆಯದು ಮೆಚ್ಚಿಗೆಯಾದಷ್ಟೂ ಎರಡನೆಯದರಿಂದ ಅದೇ ಸವಿಯನ್ನು ಮತ್ತೆ ಬೇಡುವುದು ಮನಸ್ಸಿನ ಸ್ವಭಾವವಷ್ಟೆ. ಈ ಮಾತು ನನಗೆ ಈಚೆಗೆ ಅನುಭವದಿಂದಲೇ ತಿಳಿದುಬಂದಿತು.

ಕಳೆದ ಜೂನಿನಲ್ಲಿ ಮಗನ ಸಂಸಾರವು ಧಾರವಾಡವನ್ನು ಬಿಟ್ಟು ಬೆಂಗಳೂರಿನ ಅಂಚಿನ ಕುಂದಲಹಳ್ಳಿಗೆ ಬಂದಿತು. ಅವರೊಡನೆ ನಾನೂ ಬಂದೆನು. ಇಲ್ಲಿ ಹೆಸರಿನಲ್ಲಿ ಹಳ್ಳಿಯೂ, ಕಣ್ಣಿಗೆ ಒಂದು ಕೆರೆಯೂ ಉಳಿದಿವೆ; ಮಿಕ್ಕುದೆಲ್ಲ ಕಂಪ್ಯೂಟರಿನ ಕಚೇರಿಗಳು, ಮುಗಿಲೆತ್ತರದ ಮನೆಗಳು, 2023ರಲ್ಲಿ ತೆರೆದ ಮೆಟ್ರೋ ನಿಲ್ದಾಣ. ಹದಿಮೂರು ವರುಷದ ಮೊಮ್ಮಗಳು ಹೊಸ ಶಾಲೆಗೆ ಸೇರಿದಳು. ಗೆಳತಿಯರು ದೊರೆಯುವುದಕ್ಕೆ ಮೊದಲೇ ಅವಳಿಗೆ ಪುಸ್ತಕ ದೊರೆಯಿತು.

ಅದು ಅಮೆರಿಕದ ಲೇಖಕಿ ಉರ್ಸುಲ ಲೆ ಗ್ವಿನ್ ಅವರ 'ಅರ್ತ್‌ಸೀ' ಕಥಾಮಾಲೆ. 1968ರಲ್ಲಿ ಹೊರಬಂದ ಮೊದಲನೆಯ ಪುಸ್ತಕವು ಗೆಡ್ ಎಂಬ ಹುಡುಗನ ಕಥೆ. ದ್ವೀಪಗಳ ನಾಡಿನಲ್ಲಿ ಮಂತ್ರವಿದ್ಯೆಯನ್ನು ಕಲಿಯುತ್ತ, ಗರ್ವದಿಂದ ತಾನೇ ಎಬ್ಬಿಸಿದ ನೆರಳನ್ನು ಅವನು ಕಡೆಗೆ ಎದುರುಗೊಳ್ಳುತ್ತಾನೆ. ಮೊಮ್ಮಗಳು ಅದನ್ನು ಮೂರೇ ದಿನಗಳಲ್ಲಿ ಮುಗಿಸಿದಳು. 1971ರ ಎರಡನೆಯ ಪುಸ್ತಕ 'ದಿ ಟೂಮ್ಸ್ ಆಫ್ ಅಟುವಾನ್' ಬಂದಾಗ ಊಟವನ್ನೂ ಮರೆತು ತೆರೆದವಳು, ಎರಡು ಅಧ್ಯಾಯಗಳಾಗುತ್ತಲೇ ಮುಚ್ಚಿಬಿಟ್ಟಳು.

"ಅಜ್ಜೀ, ಇದರಲ್ಲಿ ಗೆಡ್ ಇಲ್ಲವೇ ಇಲ್ಲ. ಯಾರೋ ಒಬ್ಬ ಹುಡುಗಿ, ಬರಿಯ ಕತ್ತಲೆ."

ನಾನು ಹೇಳಿದೆನು: "ಭಾರತದಲ್ಲಿಯೂ ಎರಡನೆಯದು ಸಭಾಪರ್ವ. ಮಯನು ಸಭೆಯನ್ನು ಕಟ್ಟಿದ ಸಂಭ್ರಮವು ಹಳತಾಗುವುದರೊಳಗೆ ಪಗಡೆಯ ಹಾಸು ಬಿಚ್ಚಿಕೊಳ್ಳುತ್ತದೆ. ಆದಿಪರ್ವದ ಮದುವೆಯ ಸಡಗರವೇ ಬೇಕೆಂದು ಎದ್ದು ಹೋದವರು ಸಭೆಯಲ್ಲಿ ದ್ರೌಪದಿ ಕೇಳಿದ ಪ್ರಶ್ನೆಯನ್ನು ಕೇಳಲಾರರು. ನನಗೆ ಅಷ್ಟು ಇಂಗ್ಲಿಷು ಬಾರದು. ದಿನವೂ ದೀಪ ಹಚ್ಚಿದ ಮೇಲೆ ಒಂದೊಂದು ಅಧ್ಯಾಯವನ್ನು ನನಗೆ ಕನ್ನಡದಲ್ಲಿ ಹೇಳು."

ನನ್ನ ಮೇಲಿನ ಕರುಣೆಯಿಂದ ಅವಳು ಒಪ್ಪಿದಳು.

ಕಥೆ ಹೀಗಿದೆ. ಟೆನಾರ್ ಎಂಬ ಮಗುವು, ಪ್ರಧಾನ ಅರ್ಚಕಿ ತೀರಿಕೊಂಡ ರಾತ್ರಿಯೇ ಹುಟ್ಟಿದುದರಿಂದ, ಅವಳೇ ಮರಳಿ ಹುಟ್ಟಿದಳೆಂದು ಜನರು ನಂಬುತ್ತಾರೆ. ಐದನೆಯ ವಯಸ್ಸಿನಲ್ಲಿ ತಾಯಿಯಿಂದ ಅಗಲಿಸಿ ಸಮಾಧಿಗಳ ಸ್ಥಾನಕ್ಕೆ ಒಯ್ಯುತ್ತಾರೆ. ಅಲ್ಲಿ ಅವಳ ಹೆಸರನ್ನು ಕಸಿದು 'ಅರ್ಹಾ' ಎನ್ನುತ್ತಾರೆ. 'ನುಂಗಲ್ಪಟ್ಟವಳು' ಎಂದು ಅದರ ಅರ್ಥ. ನೆಲದ ಕೆಳಗಿನ ಗವಿಯಲ್ಲಿ ದೀಪ ನಿಷಿದ್ಧ. ಅಲ್ಲಿನ ದಾರಿಗಳನ್ನು ಅವಳು ಕೈಯಿಂದ ಮುಟ್ಟಿ ಮುಟ್ಟಿಯೇ ಕಲಿಯುತ್ತಾಳೆ. ಐದನೆಯ ಅಧ್ಯಾಯದಲ್ಲಿ, ಎಂದೂ ಬೆಳಕಿರಬಾರದ ಎಡೆಯಲ್ಲಿ ಬೆಳಕು ಕಾಣಿಸುತ್ತದೆ. ಬಂದವನು ಗೆಡ್. ಮೊದಲನೆಯ ಪುಸ್ತಕದ ನಾಯಕನು ಇಲ್ಲಿ ಅವಳ ಕಣ್ಣಿಗೆ ಬರಿಯ ಕಳ್ಳ!

ಅವನು ಬಂದುದು ಒಂದು ಮುರಿದ ಬಳೆಯ ಅರ್ಧಕ್ಕಾಗಿ. ಇನ್ನೊಂದರ್ಧವನ್ನು, ಅದರ ಬೆಲೆಯನ್ನರಿಯದ ಕಾಲದಲ್ಲಿ, ಜನವಿಲ್ಲದ ದಿಣ್ಣೆಯೊಂದರಲ್ಲಿ ವಾಸವಾಗಿದ್ದ ಮುದುಕಿಯೊಬ್ಬಳು ಅವನಿಗೆ ಕೊಟ್ಟಿದ್ದಳು. ಇದನ್ನು ಹೇಳುವಾಗ ಮೊಮ್ಮಗಳು ಎದ್ದೇ ನಿಂತಳು. "ಅಜ್ಜೀ, ಅದು ಮೊದಲನೆಯ ಪುಸ್ತಕದಲ್ಲಿಯೇ ಇತ್ತು, ನಾನು ಗಮನಿಸದೆ ಓದಿಬಿಟ್ಟಿದ್ದೆ!"

ಮುಂದಿನದನ್ನು ಹೇಳಿ ನಿಮ್ಮ ಓದಿನ ಸುಖವನ್ನು ಕೆಡಿಸೆನು. ಆದರೆ ಒಂದನ್ನು ಹೇಳಲೇಬೇಕು. ಸೆರೆಯಲ್ಲಿದ್ದ ಗೆಡ್ ಆ ಹುಡುಗಿಯನ್ನು ಅವಳ ನಿಜವಾದ ಹೆಸರಿನಿಂದ ಕರೆಯುತ್ತಾನೆ. ಅಲ್ಲಿಗೆ ಬಂದಾಗ ಮೊಮ್ಮಗಳ ದನಿ ನಿಂತಿತು. ಸ್ವಲ್ಪ ಹೊತ್ತು ಕಳೆದು ಹೇಳಿದಳು: "ಶಾಲೆಯಲ್ಲಿ ನನ್ನ ಹೆಸರನ್ನು ಯಾರೂ ಪೂರ್ತಿ ಹೇಳುವುದಿಲ್ಲ. ಮೊದಲನೆಯ ದಿನವೇ ಕತ್ತರಿಸಿ ಬೇರೇನೋ ಇಟ್ಟರು. ನಾನೂ ಓಗೊಡುತ್ತಿದ್ದೇನೆ."

ನಾಲ್ಕು ತಿಂಗಳು ಈ ಮಾತು ಅವಳ ಹೊಟ್ಟೆಯಲ್ಲಿಯೇ ಇದ್ದಿತು. ಮನೆಯ ಯಾರಿಗೂ ತಿಳಿದಿರಲಿಲ್ಲ. ನಾನೇನು ಹೇಳಲಿ? 1974ರಲ್ಲಿ ನನ್ನ ಮದುವೆಯ ದಿನ, ಮನೆತನದ ಪದ್ಧತಿಯಂತೆ, ಹರಿವಾಣದ ಅಕ್ಕಿಯಲ್ಲಿ ಹೊಸ ಹೆಸರನ್ನು ಬರೆದು ನನಗಿಟ್ಟರು. ಎಲ್ಲರೂ ಪ್ರೀತಿಯಿಂದಲೇ ಕರೆದರು, ನಾನೂ ಓಗೊಟ್ಟೆನು. ತಾಯಿ ತೀರಿಕೊಂಡ ಮೇಲೆ ಹಳೆಯ ಹೆಸರಿನಿಂದ ಕರೆಯುವವರು ಯಾರೂ ಉಳಿಯಲಿಲ್ಲ. ಇದನ್ನು ಅವಳಿಗೆ ಹೇಳಿದೆನು.

"ನಿನ್ನ ಮೊದಲಿನ ಹೆಸರೇನು, ಅಜ್ಜೀ?"

ಈ ಮನೆತನದಲ್ಲಿ ಐವತ್ತು ವರುಷಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಹೇಳಿದೆನು. ಅವಳು ಅದನ್ನು ಮೆಲ್ಲನೆ ಎರಡು ಸಾರಿ ನುಡಿದಳು.

ಮರುದಿನ ಶಾಲೆಯಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ ಹೇಳಿ ಬಂದಳಂತೆ. ಈಗ ಕೆಲವರು ಹಾಗೆಯೇ ಕರೆಯುತ್ತಾರೆ, ಕೆಲವರು ಮರೆಯುತ್ತಾರೆ. ಮರೆತವರಿಗೆ ಮತ್ತೆ ಹೇಳುತ್ತಾಳೆ.

ಸೋದರಿಯರೆ, ಮಕ್ಕಳು ಎರಡನೆಯ ಪುಸ್ತಕವನ್ನು ನಡುವೆಯೇ ಮುಚ್ಚಿದರೆ ಗದರಬೇಡಿರಿ. "ಬೇಸರವಾದರೆ ಬಿಡು" ಎಂದು ಬೇಗನೆ ಹೇಳಲೂಬೇಡಿರಿ. ಪಕ್ಕದಲ್ಲಿ ಕುಳಿತು "ನನಗೆ ಹೇಳು" ಎನ್ನಿರಿ. ಮೊದಲನೆಯ ಪುಸ್ತಕದಲ್ಲಿ ನಾವು ನಾಯಕನೊಡನೆ ಲೋಕವನ್ನು ಸುತ್ತುತ್ತೇವೆ. ಎರಡನೆಯದರಲ್ಲಿ ಅವನು ಇನ್ನೊಬ್ಬರ ಬಾಗಿಲಿಗೆ ಬರುತ್ತಾನೆ, ಆ ಇನ್ನೊಬ್ಬರು ಯಾರೆಂಬುದು ತಿಳಿಯಲು ಸ್ವಲ್ಪ ತಾಳ್ಮೆ ಬೇಕು.

1972ರಲ್ಲಿ ಪ್ರಕಟವಾದ ಮೂರನೆಯ ಪುಸ್ತಕವೂ ಈಗ ಮನೆಗೆ ಬಂದಿದೆ. ಅದರ ಕಥೆಯಲ್ಲಿ ಟೆನಾರ್ ಬರುವುದಿಲ್ಲವಂತೆ. ಮೊಮ್ಮಗಳು ಅದಕ್ಕಾಗಿ ಮುನಿದಿದ್ದಾಳೆ. ಇಂದಿನ ಸಂಜೆಯೂ ದೀಪ ಹಚ್ಚಿದ ಮೇಲೆ ನಾನು ಕೇಳಲು ಕೂಡಬೇಕು.