ನೀರುಗಂಟಿಯಿಲ್ಲದ ನೀರು

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಿಂದ ಕೊಂಚ ಒಳಕ್ಕೆ ತಿರುಗಿದರೆ ದೊಡ್ಡಗದ್ದವಳ್ಳಿ ಸಿಕ್ಕುವುದು. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ಕುಲ್ಲಹಣ ರಾಹುತನೆಂಬ ವರ್ತಕನೂ ಆತನ ಪತ್ನಿ ಸಹಜಾದೇವಿಯೂ ಕಟ್ಟಿಸಿದ, ನಾಲ್ಕು ಗರ್ಭಗುಡಿಗಳುಳ್ಳ ಲಕ್ಷ್ಮೀದೇವಿಯ ಆಲಯವು ಅಲ್ಲಿಯ ಕೆರೆಯ ಮಗ್ಗುಲಲ್ಲಿ ಒಂಬತ್ತು ಶತಮಾನಗಳಿಂದ ನಿಂತಿದೆ. ಹಳೆಯ ಮೈಸೂರು ಸೀಮೆಯ ಇಂಥ ಕೆರೆಗಳಿಗೆ ನೀರುಗಂಟಿಯೆಂಬ ಊರಾಳು ಇರುತ್ತಿದ್ದನು. ತೂಬನ್ನು ತೆರೆಯುವುದು, ಮುಚ್ಚುವುದು, ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು, ಏರಿ ಬಿರಿತರೆ ಊರಿಗೆ ಕೂಗಿ ತಿಳಿಸುವುದು, ಇವು ಆತನ ಕೆಲಸ. ಸಂಬಳ ಅಲ್ಪ, ಅಧಿಕಾರ ಅದಕ್ಕಿಂತ ಅಲ್ಪ. ಆದರೆ ಈ ನೀರಿಗೆ ಹೊಣೆ ಯಾರೆಂದು ಕೇಳಿದರೆ ಊರಿನವರು ಬೆರಳು ಮಾಡಿ ತೋರಿಸಲು ಒಬ್ಬ ಮನುಷ್ಯನಿದ್ದನು.

ನಮ್ಮ ತರುಣರು ಇಂದು ರಜೆಯ ದಿನ ಗುಂಪುಗೂಡಿ ಹೋಗುವ ನೀರುಗಳಿಗೆ ಅಂಥ ಹೊಣೆಗಾರನು ಯಾರು? ಹಾಸನ ಜಿಲ್ಲೆಗೆ ಕಡಲಿಲ್ಲವೆಂಬುದು ನಿಜ. ಆದರೆ ಕಡಲಿಗೆ ಹೋಗುವ ಹೆದ್ದಾರಿ ನಮ್ಮ ಊರನ್ನು ಹಾದು, ಸಕಲೇಶಪುರವನ್ನು ದಾಟಿ, ಶಿರಾಡಿ ಘಾಟಿಯನ್ನು ಇಳಿಯುತ್ತದೆ. ಶನಿವಾರದ ರಾತ್ರಿ ಬಯಲುಸೀಮೆಯಿಂದ ಹೊರಟ ಹುಡುಗರ ವಾಹನಗಳು ಬೆಳಗಿನೊಳಗೆ ಮಲ್ಪೆ, ಮುರುಡೇಶ್ವರ, ಗೋಕರ್ಣಗಳ ಮರಳನ್ನು ಮುಟ್ಟುತ್ತವೆ. ಕಡಲಿಗೆ ಹೋಗಲಾರದವರಿಗೆ ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿ, ಈಗ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಚರ್ಚಿನ ಅವಶೇಷವೂ ಇದೆ. ಕಡಲ ತಡಿಯ ಸಮಸ್ಯೆ ಕರಾವಳಿಯವರದು ಮಾತ್ರವೆಂದು ನಾವು ಸುಮ್ಮನಿರುವಂತಿಲ್ಲ. ಹೋಗುವವರು ನಮ್ಮ ಮಕ್ಕಳು. ಮುಳುಗುವವರೂ ನಮ್ಮ ಮಕ್ಕಳೇ.

2024ರ ಡಿಸೆಂಬರ್ 10ರ ಸಂಜೆಯನ್ನು ವಾಚಕರು ಮರೆತಿರಲಾರರು. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸ ಬಂದಿದ್ದ ಮಕ್ಕಳು ಮುರುಡೇಶ್ವರದ ಕಡಲಿಗೆ ಇಳಿದರು. ನಾಲ್ವರು ಬಾಲಕಿಯರು ತೆರೆಯ ಸೆಳೆತಕ್ಕೆ ಸಿಕ್ಕಿ ಮಡಿದರು. ಅದಕ್ಕೆ ಎರಡೂವರೆ ವರ್ಷಗಳ ಹಿಂದೆ, 2022ರ ಏಪ್ರಿಲ್ ತಿಂಗಳಿನಲ್ಲಿ, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕೇರಳದಿಂದ ಬಂದಿದ್ದ ಮೂವರು ವಿದ್ಯಾರ್ಥಿಗಳು ಇದೇ ರೀತಿ ಪ್ರಾಣ ಕಳೆದುಕೊಂಡಿದ್ದರು. ಮುರುಡೇಶ್ವರದ ದುರಂತದ ನಂತರ ನಡೆದುದೂ ಎಲ್ಲರಿಗೂ ತಿಳಿದಿದೆ. ಜತೆಗಿದ್ದ ಶಿಕ್ಷಕರ ಮೇಲೆ ಮೊಕದ್ದಮೆ ಹೂಡಲಾಯಿತು. ಪರಿಹಾರ ಧನ ಘೋಷಿಸಲ್ಪಟ್ಟಿತು. ಕಡಲತೀರಕ್ಕೆ ಕೆಲಕಾಲ ಪ್ರವೇಶ ನಿಷೇಧಿಸಲ್ಪಟ್ಟಿತು, ಬಳಿಕ ಪುನಃ ತೆರೆಯಲ್ಪಟ್ಟಿತು.

ಸತ್ತಾಗ ಮುಚ್ಚುವುದು, ಮರೆತಾಗ ತೆರೆಯುವುದು: ಇದನ್ನು ಆಡಳಿತವೆಂದು ಕರೆಯಲು ನಮಗೆ ಮನಸ್ಸು ಬಾರದು. ನಿಷೇಧಾಜ್ಞೆಯ ಅಧಿಕಾರ ಸರ್ಕಾರದವರಿಗೆ ಇಲ್ಲವೆಂದಲ್ಲ. ಹಿಂದಿನ 144ನೆಯ ಕಲಮಿನ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮು ಜಾರಿಗೆ ಬಂದಿದೆ. ತುರ್ತಿನ ಹೊತ್ತಿಗೆ ಅದು ಬೇಕು. ಆದರೆ ತುರ್ತಿಗಾಗಿ ಇಟ್ಟ ಅಸ್ತ್ರವನ್ನು ನಿತ್ಯದ ಉಪಕರಣವನ್ನಾಗಿ ಬಳಸಿದರೆ ಅದರ ಮೊನೆ ಮೊಂಡಾಗುವುದು. ಹತ್ತು ಸಲ ಮುಚ್ಚಿ ಹತ್ತು ಸಲ ತೆರೆದ ತೀರದ ಎಚ್ಚರಿಕೆಯ ಫಲಕವನ್ನು ಹನ್ನೊಂದನೆಯ ಸಲ ಯಾರೂ ಓದರು.

ತೀರದ ಊರಿನವರ ದೂರನ್ನು ನಾವು ಕಡೆಗಣಿಸುವವರಲ್ಲ. ಗುಂಪುಗುಂಪಾಗಿ ಬರುವ ಹುಡುಗರು ಕುಡಿದು ಕೂಗಾಡುವುದು, ಮರಳಿನ ಮೇಲೆ ಮೋಟಾರು ಓಡಿಸುವುದು, ಸೀಸೆಗಳನ್ನು ಒಡೆದು ಚೆಲ್ಲುವುದು, ಹೆಂಗಸರು ಮಕ್ಕಳು ನಿರ್ಭಯವಾಗಿ ನಡೆಯದಂತೆ ಮಾಡುವುದು, ಇವೆಲ್ಲ ಕಟ್ಟುಕತೆಗಳಲ್ಲ. ಬರಿಗಾಲಿನಲ್ಲಿ ಬಲೆಯೆಳೆಯುವ ಮೀನುಗಾರನಿಗೆ ಒಡೆದ ಸೀಸೆಯ ಚೂರು ಹಾಸ್ಯದ ವಿಷಯವಲ್ಲ. ಇದನ್ನು ಹರೆಯದ ಹುಮ್ಮಸ್ಸೆಂದು ಮನ್ನಿಸುವ ಉದಾರತೆ ನಮಗಿಲ್ಲ. ಆದರೆ ಪುಂಡಾಟಿಕೆ ಬೇರೆ, ಅಪರಾಧ ಬೇರೆ, ಅಜ್ಞಾನ ಬೇರೆ. ಹೆಂಗಸರನ್ನು ಪೀಡಿಸುವವನಿಗೆ ಠಾಣೆಯೇ ತಕ್ಕ ಸ್ಥಳ. ಕೂಗಾಡುವವನಿಗೆ ಒಬ್ಬ ಗಟ್ಟಿ ದನಿಯ ಮನುಷ್ಯನೂ ದಂಡದ ರಸೀದಿಯೂ ಸಾಕು. ಈಜು ಬಾರದೆ ತೆರೆಗೆ ಎದೆಯೊಡ್ಡುವವನಿಗೆ ಬೇಕಾದುದು ಲಾಠಿಯಲ್ಲ, ಕಾವಲು. ಈ ಮೂವರನ್ನೂ ಒಂದೇ ಗುಂಪೆಂದು ಭಾವಿಸಿ ಒಂದೇ ಕೋಲಿನಿಂದ ಅಟ್ಟಿದರೆ, ಅಪರಾಧಿ ತಪ್ಪಿಸಿಕೊಳ್ಳುವನು. ಅಮಾಯಕನು ಕಾವಲಿಲ್ಲದ ಮತ್ತೊಂದು ಬಂಡೆಯ ಮರೆಗೆ ಹೋಗಿ ಮುಳುಗುವನು.

ಈ ತೊಂದರೆ ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. 1964ರಲ್ಲಿ ಇಂಗ್ಲೆಂಡಿನ ಕ್ಲಾಕ್ಟನ್, ಬ್ರೈಟನ್ ಮೊದಲಾದ ಕಡಲೂರುಗಳಲ್ಲಿ ರಜೆಗೆ ಬಂದ ಹುಡುಗರ ಎರಡು ಪಂಗಡಗಳು ಹೊಡೆದಾಡಿದಾಗ ಅಲ್ಲಿಯ ಪತ್ರಿಕೆಗಳು ದೇಶವೇ ಕೆಟ್ಟಿತೆಂಬಂತೆ ಬರೆದವು. ಸ್ಟಾನ್ಲಿ ಕೋಹೆನ್ ಎಂಬ ಸಮಾಜಶಾಸ್ತ್ರಜ್ಞನು 1972ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಪ್ರಸಂಗವನ್ನು ಪರಿಶೀಲಿಸಿ, ವರದಿಗಳ ಅತಿಶಯೋಕ್ತಿಯೇ ಗಲಭೆಯನ್ನು ಬೆಳೆಸಿದ ಬಗೆಯನ್ನು ತೋರಿಸಿದನು. ಪತ್ರಿಕಾವೃತ್ತಿಯವರಾದ ನಾವೂ ಇದರಿಂದ ಕಲಿಯಬೇಕಾದುದಿದೆ. ಅಮೆರಿಕದ ಮಯಾಮಿ ಬೀಚ್ ನಗರದಲ್ಲಿ ವಸಂತದ ರಜೆಗೆ ನೆರೆಯುವ ವಿದ್ಯಾರ್ಥಿಗಳ ಸಂದಣಿಯಲ್ಲಿ ಗುಂಡು ಹಾರಿದುದರಿಂದ 2022ರ ಮಾರ್ಚಿಯಲ್ಲಿ ನಡುರಾತ್ರಿಯ ಬಳಿಕ ಓಡಾಟವನ್ನೇ ನಿಷೇಧಿಸಬೇಕಾಯಿತು. 2024ರಲ್ಲಿ ಆ ನಗರದವರು ಬೇರೆ ಕ್ರಮ ಹಿಡಿದರು. ವಾಹನ ನಿಲುಗಡೆಯ ಶುಲ್ಕವನ್ನು ಏರಿಸಿ, ಕುಡಿದು ಓಡಿಸುವವರನ್ನು ದಾರಿಯಲ್ಲಿಯೇ ತಡೆದು ಪರೀಕ್ಷಿಸಲು ಏರ್ಪಾಡು ಮಾಡಿ, ಈ ನಿಯಮಗಳನ್ನೆಲ್ಲ ರಜೆ ಬರುವುದಕ್ಕೆ ಮುಂಚೆಯೇ ಸಾರಿದರು. ಅವರ ಎಲ್ಲ ಕ್ರಮಗಳೂ ನಮಗೆ ಒಗ್ಗಲಾರವು. ಆದರೆ ಗುಂಪು ಸೇರಿದ ಮೇಲೆ ಹತ್ತಿಕ್ಕುವುದಕ್ಕಿಂತ ಸೇರುವ ಮುಂಚೆ ಸಿದ್ಧತೆ ಮಾಡುವುದು ಲೇಸೆಂಬ ತತ್ತ್ವ ಯಾವ ದೇಶಕ್ಕೂ ಒಪ್ಪುವಂಥದು.

ಸಿದ್ಧತೆಯ ವಿದ್ಯೆ ನಮ್ಮ ಅಧಿಕಾರಿಗಳಿಗೆ ಹೊಸದೇನೂ ಅಲ್ಲ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ ಕೆಲವೇ ದಿನಗಳಲ್ಲಿ ಲಕ್ಷಾಂತರ ಮಂದಿ ಬರುತ್ತಾರೆ. ಸರತಿಸಾಲು, ಅಡ್ಡಗಟ್ಟೆ, ಕುಡಿಯುವ ನೀರು, ವೈದ್ಯರು, ಬಂದೋಬಸ್ತು ಎಲ್ಲವನ್ನೂ ಜಿಲ್ಲೆಯ ಆಡಳಿತ ಏರ್ಪಡಿಸುತ್ತದೆ. 2023ರ ನವೆಂಬರಿನಲ್ಲಿ ಸಾಲಿನ ಬಳಿ ವಿದ್ಯುತ್ ತಗುಲಿ ನೂಕುನುಗ್ಗಲಾಗಿ ಹಲವರು ಗಾಯಗೊಂಡರು. ಏರ್ಪಾಡಿನಲ್ಲಿ ಒಂದೆಳೆ ತಪ್ಪಿದರೂ ಏನಾಗುವುದೆಂಬುದನ್ನು ಅದು ತೋರಿಸಿತು. ಏರ್ಪಾಡೇ ಸಾಲದೆ ಹೋದರೆ ಏನಾಗುವುದೆಂಬುದನ್ನು 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ನಾಡೆಲ್ಲ ಕಂಡಿತು. ವಿಜಯೋತ್ಸವಕ್ಕೆಂದು ಬಂದ ಹನ್ನೊಂದು ಜನರು ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅವರಲ್ಲಿ ಬಹುಮಂದಿ ಎಳೆಯ ವಯಸ್ಸಿನವರು. ಆ ಬಳಿಕ ಅದೇ ವರ್ಷ ಜನಸಂದಣಿಯ ನಿಯಂತ್ರಣಕ್ಕಾಗಿ ವಿಧಾನಮಂಡಲದ ಮುಂದೆ ಮಸೂದೆಯೊಂದು ಬಂದಿತು. ಉದ್ದೇಶ ಸ್ತುತ್ಯವಾದುದು. ಆದರೆ ಅಂಥ ಶಾಸನದ ದೃಷ್ಟಿ ಮುಖ್ಯವಾಗಿ ಅರ್ಜಿ ಹಾಕಿ ಅನುಮತಿ ಪಡೆಯುವ ಸಂಘಟಕನ ಮೇಲೆ. ಕಡಲತೀರದ ಭಾನುವಾರದ ಸಂದಣಿಗೆ ಸಂಘಟಕನಿಲ್ಲ, ಅರ್ಜಿಯಿಲ್ಲ, ಅಧ್ಯಕ್ಷರಿಲ್ಲ. ಅದು ತಾನಾಗಿ ಸೇರಿ ತಾನಾಗಿ ಕರಗುತ್ತದೆ. ಆದುದರಿಂದ ಅದಕ್ಕೆ ಹೊಣೆಗಾರನನ್ನು ಸರ್ಕಾರವೇ ನೇಮಿಸಬೇಕು.

ಕೂಡಲೇ ಆಗಬೇಕಾದ ಕೆಲಸಗಳನ್ನು ನಾವು ಇಲ್ಲಿ ಸೂಚಿಸುತ್ತೇವೆ. ಮೊದಲನೆಯದು, ಒಂದೇ ಮರಳಿನ ಮೇಲೆ ಪ್ರವಾಸೋದ್ಯಮ ಇಲಾಖೆ, ಪೊಲೀಸು, ಪಂಚಾಯಿತಿ ಮೊದಲಾದ ಹಲವು ಕಚೇರಿಗಳ ಅಧಿಕಾರ ಹೆಣೆದುಕೊಂಡಿರುವಲ್ಲಿ, ಪ್ರತಿಯೊಂದು ತೀರಕ್ಕೂ ಒಬ್ಬನೇ ಅಧಿಕಾರಿಯನ್ನು ಹೊಣೆ ಮಾಡಿ, ಆತನ ಹೆಸರನ್ನೂ ದೂರವಾಣಿಯ ಸಂಖ್ಯೆಯನ್ನೂ ಫಲಕದಲ್ಲಿ ಬರೆಯಿಸಬೇಕು. ಗೊರೂರಿನ ಹಿನ್ನೀರಿಗೂ ಶೆಟ್ಟಿಹಳ್ಳಿಗೂ ಇದೇ ಮಾತು ಸಲ್ಲುವುದು. ನೀರು ನೀರಾವರಿಯವರದು, ದಡ ಪಂಚಾಯಿತಿಯದು, ಹೆಣ ಪೊಲೀಸಿನವರದು ಎಂಬ ಹಂಚಿಕೆ ಇನ್ನು ಸಾಕು.

ಎರಡನೆಯದು, ಈಜಲು ಯೋಗ್ಯವಾದ ಪ್ರದೇಶವನ್ನು ಬಾವುಟಗಳಿಂದ ಗುರುತಿಸಿ, ಹೊತ್ತನ್ನು ಗೊತ್ತುಮಾಡಿ, ಹಗ್ಗ, ತೇಲುಬಳೆ, ದೋಣಿಗಳೊಡನೆ ಜೀವರಕ್ಷಕರನ್ನು ನಿಲ್ಲಿಸಬೇಕು. ಇದು ಅಸಾಧ್ಯದ ಮಾತಲ್ಲ. ಹೊನ್ನಾವರದ ಬಳಿಯ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ, ಈ ಎರಡು ತೀರಗಳಿಗೆ 2020ರಲ್ಲಿ ಅಂತಾರಾಷ್ಟ್ರೀಯ ನೀಲಿ ಬಾವುಟದ ಮನ್ನಣೆ ದೊರೆಯಿತು. ಜೀವರಕ್ಷಣೆ, ಶುಚಿತ್ವ, ಗೊತ್ತಾದ ಈಜುಸ್ಥಳ ಇವೇ ಆ ಮನ್ನಣೆಯ ಷರತ್ತುಗಳು. ಅದೇ ಕಡಲು, ಅದೇ ತರುಣರು. ಎರಡು ತೀರಗಳಲ್ಲಿ ಸಾಧ್ಯವಾದುದು ಮಿಕ್ಕವುಗಳಲ್ಲಿ ಏಕೆ ಸಾಧ್ಯವಾಗದು? ಕಡಲಿನ ಮನಸ್ಸನ್ನು ಹುಟ್ಟಿನಿಂದ ಬಲ್ಲ ಮೊಗವೀರ, ಖಾರ್ವಿ, ಅಂಬಿಗ ತರುಣರು ಊರೂರಲ್ಲಿದ್ದಾರೆ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಂತ್ರದೋಣಿಗಳ ಮೀನುಗಾರಿಕೆ ನಿಲ್ಲುತ್ತದೆ. ಕಡಲು ಕೆರಳುವ ಕಾಲವೂ ಅದೇ. ಬಯಲುಸೀಮೆಯ ಹುಡುಗನು ತೆರೆಯ ಅಂದವನ್ನು ನೋಡಲು ಬರುವುದು ಅದೇ ಮಳೆಗಾಲದಲ್ಲಿ. ಆ ದಿನಗಳಲ್ಲಿ ಮೀನುಗಾರ ತರುಣರಿಗೆ ತರಬೇತಿಯನ್ನೂ ಗೌರವದ ವೇತನವನ್ನೂ ಕೊಟ್ಟು ಕಾವಲಿಗೆ ನಿಲ್ಲಿಸಿದರೆ ಇಬ್ಬರಿಗೂ ಹಿತ. ವೆಚ್ಚವನ್ನು ವಾಹನ ನಿಲುಗಡೆಯ ಶುಲ್ಕದಿಂದ ಹೊಂದಿಸಬಹುದು.

ಮೂರನೆಯದು, ಮದ್ಯದ ತಪಾಸಣೆ ಮರಳಿನ ಮೇಲಲ್ಲ, ತೀರಕ್ಕೆ ತಿರುಗುವ ರಸ್ತೆಯಲ್ಲಿಯೇ ನಡೆಯಬೇಕು. ಅಮಲೇರಿದ ಇಪ್ಪತ್ತು ಮಂದಿಯನ್ನು ಸಂಜೆ ನೀರಿನಿಂದ ಎಳೆಯುವುದಕ್ಕಿಂತ ಬೆಳಗ್ಗೆ ಸೀಸೆಗಳನ್ನು ದಾರಿಯಲ್ಲಿ ಕಿತ್ತುಕೊಳ್ಳುವುದು ಸುಲಭ.

ನಾಲ್ಕನೆಯದು ಶಾಲೆಗಳ ಕರ್ತವ್ಯ. ಪ್ರವಾಸಕ್ಕೆ ಕರೆದೊಯ್ಯುವ ಮುನ್ನ ಮಕ್ಕಳಿಗೆ ದೇವಾಲಯಗಳ ಚರಿತ್ರೆಯನ್ನು ಹೇಳುವಂತೆ ಕಡಲಿನ ಸ್ವಭಾವವನ್ನೂ ಹೇಳಬೇಕು. ದಡಕ್ಕೆ ಬಡಿದ ನೀರು ಇಕ್ಕಟ್ಟಾದ ಹಾದಿಯಲ್ಲಿ ರಭಸದಿಂದ ಹಿಂದಕ್ಕೆ ಹರಿಯುವುದು. ಅದರ ಸೆಳೆತಕ್ಕೆ ಸಿಕ್ಕವನು ನೇರವಾಗಿ ದಡದ ಕಡೆಗೆ ಹೋರಾಡಿದರೆ ದಣಿದು ಮುಳುಗುವನು. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿದರೆ ಸೆಳೆತವನ್ನು ದಾಟಿ ಹೊರಬರಬಹುದು. ಈಜಲಾರದವನು ಧೈರ್ಯಗೆಡದೆ ತೇಲುತ್ತ ಕೈಯೆತ್ತಿ ಕೂಗಬೇಕು. ಮುಳುಗುತ್ತಿರುವ ಗೆಳೆಯನನ್ನು ಹಿಡಿಯಲು ಈಜು ಬಾರದವನು ಹಾರಬಾರದು, ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆಯಬೇಕು. ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ಈ ಪಾಠ ಯಾವ ಪರೀಕ್ಷೆಗೂ ಬರುವುದಿಲ್ಲವೆಂದು ನಮ್ಮ ಶಾಲೆಗಳಲ್ಲಿ ಉಪೇಕ್ಷಿತವಾಗಿದೆ. ಪ್ರತಿಯೊಂದು ಜಿಲ್ಲೆಯಲ್ಲಿಯೂ ಈಜು ಕಲಿಸುವ ಏರ್ಪಾಡು ವ್ಯಾಪಕವಾಗದೆ, ದುರಂತವಾದ ಮೇಲೆ ಶಿಕ್ಷಕರನ್ನು ದಂಡಿಸಿದ ಮಾತ್ರಕ್ಕೆ ಮಕ್ಕಳು ಉಳಿಯಲಾರರು.

ಕೊನೆಯದಾಗಿ ತರುಣರಿಗೆ ಒಂದು ಮಾತು. ತಮ್ಮನ್ನು ಮುತ್ತುತ್ತಿದ್ದ ಜನಸಂದಣಿಯ ಅಶಿಸ್ತಿನಿಂದ ಬೇಸತ್ತ ಗಾಂಧೀಜಿಯವರು 1920ರಲ್ಲಿ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಅದನ್ನು ಕುರಿತು ಬರೆದರು. ಅವರು ಜನರನ್ನು ದೂರವಿಡಿರೆಂದು ಹೇಳಲಿಲ್ಲ. ಸ್ವಯಂಸೇವಕರು ಹೇಗೆ ನಿಲ್ಲಬೇಕು, ಗುಂಪನ್ನು ಹೇಗೆ ನಡೆಯಿಸಬೇಕೆಂದು ನಿಯಮಗಳನ್ನು ಸೂಚಿಸಿದರು. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ಥಾನಿ ಸೇವಾದಳವನ್ನು ಕಟ್ಟಿದುದು ಇದೇ ಶಿಸ್ತಿಗಾಗಿ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನೆರೆದ ಕಾಂಗ್ರೆಸ್ ಅಧಿವೇಶನದ ಮಹಾಸಂದಣಿಯನ್ನು ನಡೆಯಿಸಲು ನಿಂತವರಲ್ಲಿ ಕನ್ನಡ ನಾಡಿನ ಸ್ವಯಂಸೇವಕ ತರುಣರಿದ್ದರು. ಹದಿನೆಂಟರ ಹರೆಯ ಸಂದಣಿಯನ್ನು ಕೆಡಿಸಬಲ್ಲುದು, ಕಾಯಲೂ ಬಲ್ಲುದು. ಯಾವುದನ್ನು ಮಾಡುವುದೆಂಬುದು ಬಹುಮಟ್ಟಿಗೆ ನಾವು ಅದರ ಕೈಗೆ ಏನನ್ನು ಕೊಡುತ್ತೇವೆಂಬುದನ್ನು ಅವಲಂಬಿಸಿದೆ. ರಾಷ್ಟ್ರೀಯ ಸೇವಾ ಯೋಜನೆ 1969ರಿಂದ ಕಾಲೇಜುಗಳಲ್ಲಿದೆ. ಅದರ ಶಿಬಿರಗಳಲ್ಲಿ ಕೆಲವನ್ನಾದರೂ ರಜೆಯ ದಿನಗಳಲ್ಲಿ ತೀರಗಳಿಗೂ ಹಿನ್ನೀರುಗಳಿಗೂ ವರ್ಗಾಯಿಸಬಾರದೇಕೆ? ಹುಡುಗನ ಮಾತನ್ನು ಹುಡುಗನು ಕೇಳುವಷ್ಟು ಪೊಲೀಸಿನವನ ಮಾತನ್ನು ಕೇಳುವುದಿಲ್ಲ.

ನೀರಿಗೆ ದ್ವೇಷವಿಲ್ಲ, ದಯೆಯೂ ಇಲ್ಲ. ಅದರ ಬಳಿಗೆ ಹೋಗಬೇಡಿರೆಂದು ಹರೆಯಕ್ಕೆ ಆಜ್ಞಾಪಿಸಿದರೆ ಹರೆಯ ಕೇಳಲಾರದು, ಕೇಳಬೇಕಾದುದೂ ಇಲ್ಲ. ಕಡಲನ್ನು ಕಾಣದೆ ಬೆಳೆದ ಮುಳಬಾಗಿಲಿನ ಮಗುವಿಗೂ ಹಾಸನದ ಮಗುವಿಗೂ ಅದನ್ನು ನೋಡುವ ಹಕ್ಕುಂಟು. ನೋಡಿ, ನಲಿದು, ಮನೆಗೆ ಹಿಂದಿರುಗುವ ಹಕ್ಕೂ ಉಂಟು. ಈ ಎರಡನೆಯ ಹಕ್ಕನ್ನು ಕಾಯುವುದು ಸರ್ಕಾರದವರ, ಶಾಲೆಗಳ, ಊರವರ ಮತ್ತು ತರುಣರ ಕೂಡುಹೊಣೆ. ಮುಂದಿನ ರಜೆ ಬರುವುದರೊಳಗೆ ಪ್ರತಿ ತೀರಕ್ಕೂ ಪ್ರತಿ ಹಿನ್ನೀರಿಗೂ ಹೊಣೆಗಾರನ ಹೆಸರು ಗೊತ್ತಾಗಲೆಂದು ಅಧಿಕಾರವರ್ಗದವರನ್ನು ನಾವು ಒತ್ತಾಯಪಡಿಸುತ್ತೇವೆ. ದೊಡ್ಡಗದ್ದವಳ್ಳಿಯಂಥ ಊರುಗಳು ತಮ್ಮ ಪುಟ್ಟ ಕೆರೆಗಳಿಗೆ ಮಾಡಿಕೊಂಡಿದ್ದ ಏರ್ಪಾಡನ್ನು ಒಂದು ರಾಜ್ಯವು ತನ್ನ ಕಡಲಿಗೆ ಮಾಡಲಾರದೆಂದು ನಾವು ನಂಬುವುದಿಲ್ಲ.