ಎರಡೂವರೆ ಲಕ್ಷದ ಶೇಂಗಾ ಉಂಡಿ

ಈ ಸರ್ತೆ ಪಂಚಮಿಗೆ ನಮ್ಮನಿಯಾಕಿ ಉಂಡಿ ಮಾಡಿ ಮಾರ್ತೇನಿ ಅಂತ ಕೂತ್ಲು. "ಇಷ್ಟ ವರ್ಷ ಮಂದಿಗೆಲ್ಲಾ ವೆಬ್‌ಸೈಟ್ ಮಾಡಿಕೊಟ್ಟೀರಿ, ನಂಗೊಂದು ಮಾಡ್ಲಿಕ್ಕೆ ಏನ್ ಧಾಡಿ ನಿಮಗ?" ಅಂದ್ಲು. ಎರಡ ದಿವಸದಾಗ ಮಾಡಿದೆ. ನನ್ನ ಲ್ಯಾಪ್‌ಟಾಪಿನಾಗ ಛಂದ ಕಾಣ್ತು, ನನ್ನ ಫೋನಿನಾಗೂ ಛಂದ ಕಾಣ್ತು. ಬಳಗದ ಗ್ರೂಪಿಗೆ ಲಿಂಕ್ ಹಾಕಿ ಆರಾಮ ಕೂತೆ.

ಹುಡುಗ್ರ ಆರ್ಡರ್ ಬಂದ್ವು. ಖರೇ ಉಂಡಿ ತಿನ್ನೋ ಹಿರ್ಯಾರದು ಒಂದೂ ಇಲ್ಲ. ಇಕಿ ಹತ್ತು ಕಿಲೋ ಶೇಂಗಾ ಹುರದಿಟ್ಟಾಳ, ನನ್ನ ಜೋಡಿ ಮಾತ ಬಿಟ್ಟಾಳ. ಮೂರನೇ ದಿವಸ ಮಾವಶಿ ಫೋನ್ ಬಂತು: "ಏನೋ, ನಿನ್ನ ಹೆಂಡ್ತಿ ಉಂಡ್ಯಾಗ ಬಂಗಾರ ಹಾಕ್ಯಾಳೇನು? ಎರಡೂವರೆ ಲಕ್ಷ ಅಂತ ಬರದದಲ್ಲೋ!"

ಹೋಗಿ ನೋಡಿದೆ. ಸಾಲಿನಾಗ ಹೆಸರು, ಗ್ರಾಂ, ರೂಪಾಯಿ ಮೂರನ್ನೂ ಫ್ಲೆಕ್ಸ್‌ಬಾಕ್ಸಿನಾಗ ಕೂಡಿಸಿ, ನಡುವ 'ಗ್ಯಾಪ್' ಕೊಟ್ಟಿದ್ದೆ. ಮಾವಶಿಯ ಹಳೇ ಫೋನಿಗೆ ಆ ಗ್ಯಾಪ್ ತಿಳೀಲಿಲ್ಲ. 250 ಗ್ರಾಮಿಗೆ 120 ರೂಪಾಯಿ ಇದ್ದದ್ದು ಒಂದಕ್ಕೊಂದು ಹತ್ತಿಕೊಂಡು 250120 ಆಗಿ ಕೂತಿತ್ತು.

ನಾ ಏನ್ ಅಷ್ಟು ದಡ್ಡ ಅಲ್ಲ ಮತ್ತ. '@ಸಪೋರ್ಟ್ಸ್' ಹಾಕಿ, "ನಿಂಗ ಗ್ಯಾಪ್ ಬರ್ತದೇನಪಾ? ಬರದಿದ್ರ ಮಾರ್ಜಿನ್ ತೊಗೊ" ಅಂತ ಬ್ರೌಸರಿಗೆ ಕೇಳಿಸಿದ್ದೆ. ಅದು ಹೂಂ ಅಂದಿತ್ತು! ಯಾಕಂದ್ರ ಗ್ರಿಡ್ ಒಳಗಿನ ಗ್ಯಾಪ್ ಅದಕ್ಕ ಗೊತ್ತಿತ್ತು, ಫ್ಲೆಕ್ಸ್‌ಬಾಕ್ಸಿಂದು ಗೊತ್ತಿರಲಿಲ್ಲ. ಹೆಸರು ಎರಡಕ್ಕೂ ಒಂದ. ಹೊಸಾ ಅಳಿಯಾಗ "ಚಪಾತಿ ಬರ್ತದೇನ್ರೀ" ಅಂತ ಕೇಳಿಧಂಗ. ಹೂಂ ಅಂತಾನ, ತಿನ್ಲಿಕ್ಕೆ ಬರ್ತದ, ಲಟ್ಟಿಸಲಿಕ್ಕಲ್ಲ. ಫ್ಲೆಕ್ಸ್‌ಬಾಕ್ಸಿನ ಗ್ಯಾಪನ್ನ ಫೈರ್‌ಫಾಕ್ಸ್ 2018ರಾಗ ಕಲೀತು, ಕ್ರೋಮ್ 2020ರಾಗ, ಸಫಾರಿ 2021ರಾಗ. ಅದಕ್ಕಿಂತ ಹಳೇ ಫೋನು ನಮ್ಮ ಮನಿ ಮನಿಯಾಗ ಅವ.

ನಮ್ಮಣ್ಣನ ಮಗಾ ಇದ ಕೆಲಸದಾಗ ಇದ್ದಾನ. "ಕಾಕಾ, ಅಷ್ಟು ಹಳೇ ಫೋನ್ ಯಾರ ಹಿಡೀತಾರ, ಬಿಡ್ರಿ" ಅಂದ. ನಿನ್ನ ಮಾವಶಿ ಅಜ್ಜಿ ಹಿಡೀತಾಳಲೇ! ನಾವು ಇದರ ಉಲ್ಟಾ ತಪ್ಪೂ ಮಾಡಿದವರು. 2001ರಾಗ ಬಂದ ಎಕ್ಸ್‌ಪ್ಲೋರರ್ 6ರ ಸಂಬಂಧ ಎಷ್ಟು ರಾತ್ರಿ ಕೂತೇವಿ! ಒಂದ ಪಿಕ್ಸೆಲ್ ಸರದಿದ್ರೂ ಅದಕ್ಕಂತ ಬ್ಯಾರೆ ಸ್ಟೈಲ್‌ಶೀಟ್ ಬರೀತಿದ್ವಿ. ಎಲ್ಲಾ ಬ್ರೌಸರಿನಾಗೂ ತದ್ರೂಪ ಕಾಣಬೇಕಂತ ಹಟ ಹಿಡಿಯೋದು ಹುಚ್ಚುತನ. 2022ರ ಜೂನಿನಾಗ ಎಕ್ಸ್‌ಪ್ಲೋರರ್ 11ಕ್ಕ ನಿವೃತ್ತಿ ಆತು, ಇನ್ನ ಚಿಂತಿಲ್ಲ ಅಂತ ಹಳೇದನ್ನ ಪೂರಾ ಮರಿಯೋದು ಸೊಕ್ಕು.

ನಮ್ಮಜ್ಜಗ ಹಲ್ಲಿರಲಿಲ್ಲ. ಅವ್ವ ಅಂವಗ ಹೋಳಿಗಿ ಹಾಲಾಗ ನೆನಸಿ ಕೊಡ್ತಿದ್ಲು, ನಮಗ ತುಪ್ಪ ಹಾಕಿ ಕೊಡ್ತಿದ್ಲು. ಹೋಳಿಗಿ ಒಂದ. ಅಜ್ಜಗ ಹಲ್ಲ ಕಟ್ಟಿಸಿಕೊಂಡ ಬಾ ಅಂತ ಅಕಿ ಹೇಳಲಿಲ್ಲ, ನಮಗೂ ಹಾಲಾಗ ನೆನಸಲಿಲ್ಲ.

ಸಿಎಸ್‌ಎಸ್ ಇದಕ್ಕ ಭಾಳ ಅನುಕೂಲ ಅದ. ತಿಳೀದ ಸಾಲು ಬಂದ್ರ ಬ್ರೌಸರ್ ಜಗಳ ತಗಿಯೂದಿಲ್ಲ, ಸುಮ್ನ ದಾಟಿ ಹೋಗ್ತದ. ಅದಕ್ಕ ಎಲ್ಲಾರಿಗೂ ತಿಳಿಯೋದನ್ನ ಮೊದಲು ಬರೀಬೇಕು, ಹೊಸಾ ಶಾಣ್ಯಾತನ ಅದರ ಕೆಳಗ. ನಾ ಬರೀ ಶಾಣ್ಯಾತನ ಬರದಿದ್ದೆ. ಖರೇ ಹೇಳಬೇಕಂದ್ರ ರೇಟಿನ ಪಟ್ಟಿಗೆ ಫ್ಲೆಕ್ಸ್‌ಬಾಕ್ಸರೆ ಯಾಕ ಬೇಕಿತ್ತು? ಅದು ಟೇಬಲ್. ಟೇಬಲ್ ಮಾಡಿ, ಪ್ರತಿ ಮನಿಗೆ ಪ್ಯಾಡಿಂಗ್ ಕೊಟ್ಟು, ರೇಟಿನ ಮುಂದ ರೂಪಾಯಿ ಚಿಹ್ನೆ ಹಾಕಿದೆ. ಕಾಲು ತಾಸಿನ ಕೆಲಸ. ಅವತ್ತ ರಾತ್ರಿ ಮಾವಶಿದೊಂದು, ಆಮ್ಯಾಲೆ ಅಕಿ ಹೇಳಿದ್ದಕ್ಕ ಮತ್ತ ನಾಲ್ಕು ಆರ್ಡರ್ ಬಂದ್ವು. ನಮ್ಮನಿಯಾಕಿ ನನ್ನ ಜೋಡಿ ಮಾತಾಡಿದ್ಲು, "ಬೆಲ್ಲಾ ತರ್ರಿ" ಅಂತ.

ಈಗ ಏನ ಬದಲಿ ಮಾಡಿದ್ರೂ ಮೊದಲು ಮಾವಶಿಗೆ ಕಳಸ್ತೇನಿ. ನಿನ್ನೆ ಮತ್ತ ಫೋನ್ ಬಂದಿತ್ತು. ಛಂದ ಕಾಣ್ಲಿ ಅಂತ ಸಾಲಿನ ಎತ್ತರ ಇಳಿಸಿದ್ದೆ. "ಎಳ್ಳಿನ ಕೆಳಗಿನ ಒತ್ತು ಯಾಕೋ ಕತ್ತರಿಸಿದಿ?" ಅಂತ ಬೈದಿಟ್ಲು.