ತಿರುವಿನಲ್ಲಿ ಗೆಲ್ಲುವ ಓಟ

ಮೋಟಾರ್ ಸೈಕಲ್ ಪಂದ್ಯವೆಂದೊಡನೆ ನಮ್ಮ ತರುಣರ ಲಕ್ಷ್ಯವು ಎಂಜಿನ್ನಿನ ಕಡೆಗೆ ಹರಿಯುತ್ತದೆ. ಎಷ್ಟು ಸಿ.ಸಿ., ಎಷ್ಟು ಅಶ್ವಶಕ್ತಿ ಎಂಬುದೇ ಅವರ ಮೊದಲ ಪ್ರಶ್ನೆ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡುಗಳ ಕಾಲೇಜು ವಿದ್ಯಾರ್ಥಿಗಳೂ ಇದಕ್ಕೆ ಹೊರತಲ್ಲ. ಕೈಯಲ್ಲಿ ನಾಲ್ಕು ಸಾವಿರ ರೂಪಾಯಿ ಕೂಡಿತೆಂದರೆ ಅದು ಗದ್ದಲದ ಸೈಲೆನ್ಸರಿಗೆ ಸಂದುಹೋಗುತ್ತದೆ. ಸವೆದ ಟೈರು ಸವೆದೇ ಇರುತ್ತದೆ. ಹವ್ಯಾಸಿ ಸ್ಪರ್ಧಿಯ ಮಟ್ಟಿಗೆ ಇದು ತಲೆಕೆಳಗಾದ ಲೆಕ್ಕವೆಂದು ನನ್ನ ಅಭಿಪ್ರಾಯ. ಅವನ ಮೊದಲ ರೂಪಾಯಿ ಟೈರಿಗೆ, ಎರಡನೆಯದು ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರಿಗೆ ಸಲ್ಲಬೇಕು. ಎಂಜಿನ್ನಿನ ಸರದಿ ಕಟ್ಟಕಡೆಗೆ ಬಂದರೂ ನಷ್ಟವಿಲ್ಲ.

ಲೆಕ್ಕವನ್ನೇ ಮಾಡಿ ನೋಡೋಣ. ವಾಹನವು ತಿರುವನ್ನು ಹಾಯುವಾಗ ಅದನ್ನು ಒಳಮುಖವಾಗಿ ಸೆಳೆಯುವ ಬಲವು ಟೈರಿಗೂ ನೆಲಕ್ಕೂ ನಡುವಣ ಘರ್ಷಣೆಯಿಂದ ಒದಗುತ್ತದೆ. ಆದುದರಿಂದ ಮಟ್ಟಸವಾದ ನೆಲದಲ್ಲಿ ಸಾಧ್ಯವಾದ ಗರಿಷ್ಠ ವೇಗದ ವರ್ಗವು ಘರ್ಷಣಾಂಕ, ಗುರುತ್ವದ ವೇಗೋತ್ಕರ್ಷ, ತಿರುವಿನ ತ್ರಿಜ್ಯ ಈ ಮೂರರ ಗುಣಲಬ್ಧಕ್ಕೆ ಸಮ. ಎಂಜಿನ್ನಿನ ಶಕ್ತಿಗೆ ಈ ಸೂತ್ರದಲ್ಲಿ ಸ್ಥಾನವೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ತ್ರಿಜ್ಯ ೫೦ ಮೀಟರು, ಸವೆದ ಟೈರಿನ ಘರ್ಷಣಾಂಕ ೦.೮ ಎಂದು ಇಟ್ಟುಕೊಂಡರೆ ವೇಗವು ಗಂಟೆಗೆ ಸುಮಾರು ೭೧ ಕಿಲೋಮೀಟರು. ಒಳ್ಳೆಯ ಟೈರು ಅದನ್ನು ೧.೦ಕ್ಕೆ ಏರಿಸಿದರೆ ಸುಮಾರು ೮೦. ಲಂಬಕೋನದಷ್ಟು ತಿರುಗುವ ಆ ದಾರಿಯ ಉದ್ದ ಸುಮಾರು ೭೮.೫ ಮೀಟರು. ಮೊದಲನೆಯ ಸವಾರನಿಗೆ ೩.೯೬ ಸೆಕೆಂಡು ಬೇಕು, ಎರಡನೆಯವನಿಗೆ ೩.೫೫. ಒಂದೇ ತಿರುವಿನಲ್ಲಿ ಉಳಿದದ್ದು ೦.೪ ಸೆಕೆಂಡು.

ಇನ್ನು ಎಂಜಿನ್ನಿನ ಮಾತು. ಹೆಚ್ಚು ಶಕ್ತಿಯಿದ್ದರೆ ಗಾಡಿ ಚುರುಕಾಗಿ ವೇಗವೇರುವುದು ನಿಜ. ಆದರೆ ಗಾಳಿಯ ತಡೆಯನ್ನು ಎದುರಿಸಲು ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾದುದು. ಶಕ್ತಿಯನ್ನು ಶೇಕಡಾ ೧೦ರಷ್ಟು ಹೆಚ್ಚಿಸಿದರೂ ಗರಿಷ್ಠ ವೇಗ ಹೆಚ್ಚುವುದು ಶೇಕಡಾ ೩ರಷ್ಟು. ಗಂಟೆಗೆ ೧೨೦ ಕಿಲೋಮೀಟರಿನಲ್ಲಿ ಸಾಗುವ ಗಾಡಿಗೆ ೩೦೦ ಮೀಟರಿನ ನೇರ ದಾರಿಯಲ್ಲಿ ಇದರಿಂದ ಉಳಿಯುವುದು ಕಾಲು ಸೆಕೆಂಡು. ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಪಥದ ಒಂದು ಸುತ್ತು ೩.೭೧೭ ಕಿಲೋಮೀಟರು, ಅದರಲ್ಲಿ ೧೨ ತಿರುವುಗಳುಂಟು. ಎಲ್ಲವೂ ಒಂದೇ ಬಗೆಯವಲ್ಲ, ನಿಜ. ಆದರೂ ತಿರುವಿನಿಂದ ವೇಗವಾಗಿ ಹೊರಬಿದ್ದವನು ಮುಂದಿನ ನೇರ ದಾರಿಯಲ್ಲಿಯೂ ಆ ಲಾಭವನ್ನು ಹೊತ್ತುಕೊಂಡೇ ಹೋಗುತ್ತಾನೆ.

ಇದಕ್ಕೆ ಇತಿಹಾಸದ ಸಾಕ್ಷ್ಯವೂ ಉಂಟು. ೧೯೫೦ರಲ್ಲಿ ಇಂಗ್ಲೆಂಡಿನ ನಾರ್ಟನ್ ಸಂಸ್ಥೆಯ ಒಂಟಿ ಸಿಲಿಂಡರಿನ ಗಾಡಿಯು ಇಟಲಿಯ ನಾಲ್ಕು ಸಿಲಿಂಡರಿನ ಗಿಲೇರಾದ ಎದುರು ಬಲಹೀನವೇ ಆಗಿತ್ತು. ರೆಕ್ಸ್ ಮೆಕ್‌ಕ್ಯಾಂಡ್ಲೆಸ್ ಎಂಬ ಐರ್ಲೆಂಡಿನ ತಜ್ಞನು ಅದಕ್ಕೆ ಹೊಸ ಚೌಕಟ್ಟನ್ನೂ, ಹಿಂದಿನ ಚಕ್ರವು ಮೇಲೆ ಕೆಳಗೆ ಆಡುವಂಥ ತೂಗುತೋಳನ್ನೂ ಜೋಡಿಸಿದನು. ಜೆಫ್ ಡ್ಯೂಕ್ ಅದನ್ನೇರಿ ಐಲ್ ಆಫ್ ಮ್ಯಾನ್ ದ್ವೀಪದ ಹಿರಿಯ ಪಂದ್ಯವನ್ನು ಗೆದ್ದನು. ಆದರೆ ಅದೇ ವರ್ಷ ಬೆಲ್ಜಿಯಂ ಮತ್ತು ಹಾಲೆಂಡಿನ ಪಂದ್ಯಗಳಲ್ಲಿ ಟೈರಿನ ಮೇಲ್ಪದರವು ಕಿತ್ತುಹೋದುದರಿಂದ ವಿಶ್ವಪ್ರಶಸ್ತಿ ಒಂದೇ ಒಂದು ಅಂಕದ ಅಂತರದಲ್ಲಿ ಕೈತಪ್ಪಿತು. ಮರುವರ್ಷ ೩೫೦ ಮತ್ತು ೫೦೦ ಸಿ.ಸಿ. ಎರಡೂ ತರಗತಿಗಳ ಪ್ರಶಸ್ತಿ ಅವನಿಗೇ ಬಂತು. ಚೌಕಟ್ಟು ಕೊಟ್ಟುದನ್ನು ಟೈರು ಕಸಿದುಕೊಂಡ ಕಥೆಯಿದು.

ಎರಡು ಚಕ್ರಗಳಲ್ಲಿ ಒಂದೊಂದೂ ನೆಲವನ್ನು ಮುಟ್ಟುವುದು ಅಂಗೈಯಗಲದಷ್ಟು ಜಾಗದಲ್ಲಿ ಮಾತ್ರ. ಸವಾರನ ಪ್ರಾಣವೆಲ್ಲ ಅಲ್ಲಿದೆ. ಗಾಳಿ ಅತಿಯಾಗಿ ತುಂಬಿದರೆ ಆ ಜಾಗ ಕುಗ್ಗುತ್ತದೆ; ತೀರ ಕಡಮೆಯಾದರೆ ಟೈರಿನ ಪಕ್ಕೆಗಳು ಹೊಯ್ದಾಡಿ ಗಾಡಿ ಹಿಡಿತಕ್ಕೆ ಸಿಗದು. ಓಡುತ್ತ ಓಡುತ್ತ ಟೈರು ಬಿಸಿಯಾಗುವುದರಿಂದ ಒಳಗಿನ ಒತ್ತಡವೂ ಏರುತ್ತದೆ. ೨೫ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ೨೮ ಪೌಂಡು ತೋರಿದ ಮಾಪಕವು, ಒಳಗಿನ ಗಾಳಿ ೬೦ ಡಿಗ್ರಿಗೆ ಬಂದಾಗ ಸುಮಾರು ೩೩ ತೋರುತ್ತದೆ. ಪಂದ್ಯದ ದಿನ ಮಾಪಕವನ್ನು ಜೇಬಿನಲ್ಲಿಟ್ಟುಕೊಳ್ಳದವನು ಕಣ್ಣು ಕಟ್ಟಿಕೊಂಡು ಓಡಿಸಿದಂತೆಯೇ.

ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳಿರುವುದು ಸೊಂಟನೋವನ್ನು ತಪ್ಪಿಸಲಿಕ್ಕೆಂದು ಬಹಳ ಮಂದಿ ಭಾವಿಸಿದ್ದಾರೆ. ಪಂದ್ಯದಲ್ಲಿ ಅವುಗಳ ಕೆಲಸವೇ ಬೇರೆ. ರಬ್ಬರಿನ ಒಂದು ವಿಚಿತ್ರ ಗುಣವಿದೆ: ಅದರ ಮೇಲಿನ ಭಾರವನ್ನು ಇಮ್ಮಡಿಸಿದರೆ ಹಿಡಿತವು ಪೂರ್ತಿ ಇಮ್ಮಡಿಯಾಗುವುದಿಲ್ಲ, ತುಸು ಹಿಂದೆ ಬೀಳುತ್ತದೆ. ಆದುದರಿಂದ ಚಕ್ರವು ಉಬ್ಬುತಗ್ಗುಗಳ ಮೇಲೆ ಕುಣಿದು, ಒಂದು ಗಳಿಗೆ ಭಾರವಾಗಿಯೂ ಮರುಗಳಿಗೆ ಹಗುರವಾಗಿಯೂ ನೆಲವನ್ನೊತ್ತಿದರೆ, ಹಗುರಾದಾಗ ಕಳೆದುಕೊಂಡುದನ್ನು ಭಾರವಾದಾಗ ಮರಳಿ ಗಳಿಸಲಾಗದು. ಭಾರವನ್ನು ಆದಷ್ಟು ಒಂದೇ ಸಮನಾಗಿ ಇರಿಸುವುದೇ ಸ್ಪ್ರಿಂಗಿನ ಕರ್ತವ್ಯ. ಸ್ಪ್ರಿಂಗು ತಾನೇ ಕುಣಿಯತೊಡಗದಂತೆ ಅದರ ಚೈತನ್ಯವನ್ನು ಉಷ್ಣವಾಗಿ ಮಾರ್ಪಡಿಸುವುದು ಶಾಕ್ ಅಬ್ಸಾರ್ಬರಿನೊಳಗಿನ ಎಣ್ಣೆ. ಎಣ್ಣೆ ಸೋರಿಹೋದ ಗಾಡಿಯು ತಿರುವಿನ ನಡುವೆ ಚೆಂಡಿನಂತೆ ಪುಟಿಯುತ್ತದೆ. ಚೆಂಡು ಗಾಳಿಯಲ್ಲಿದ್ದಷ್ಟು ಹೊತ್ತು ಘರ್ಷಣೆ ಸೊನ್ನೆ.

ನಮ್ಮ ಈ ನಾಲ್ಕು ತಾಲ್ಲೂಕುಗಳ ನೆಲಕ್ಕೆ ಇದು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಮಳೆಗಾಲದಲ್ಲಿ ಜಂಬಿಟ್ಟಿಗೆಯ ಕೆಸರು ಟೈರಿನ ಗೀರುಗಳೊಳಗೆ ಮೆತ್ತಿಕೊಂಡು ಅದನ್ನು ನುಣ್ಣನೆಯ ಗಾಲಿಯನ್ನಾಗಿ ಮಾಡಿಬಿಡುತ್ತದೆ. ಬೇಸಗೆಯಲ್ಲಿ ಗಟ್ಟಿ ನೆಲದ ಮೇಲೆ ಹರಡಿದ ಗರಸು, ಗಾರೆಯ ಮೇಲೆ ಕಡಲೆ ಚೆಲ್ಲಿದಂತೆ. ಇಂಥಲ್ಲಿ ಹೆಚ್ಚಿನ ಅಶ್ವಶಕ್ತಿಯು ಹಿಂದಿನ ಚಕ್ರವನ್ನು ಬರಿದೆ ಗಿರಗಿರನೆ ತಿರುಗಿಸೀತು. ಉಬ್ಬುಗುಬ್ಬಿಗಳ ಟೈರು ಇಲ್ಲಿ ಬೇಕು. ಮಣ್ಣಿನ ಪಂದ್ಯಕ್ಕೆಂದೇ ಕಟ್ಟಿದ ಗಾಡಿಯ ಚಕ್ರವು ಸುಮಾರು ೩೦ ಸೆಂಟಿಮೀಟರು ಮೇಲೆ ಕೆಳಗೆ ಆಡಬಲ್ಲುದು. ನಿತ್ಯದ ಗಾಡಿಯ ಮುಂದಿನ ಚಕ್ರಕ್ಕೆ ಹತ್ತು ಹದಿಮೂರು ಸೆಂಟಿಮೀಟರಾದರೆ ಹೆಚ್ಚು. ಇದ್ದಷ್ಟನ್ನೇ ಸರಿಯಾಗಿ ಬಳಸಿಕೊಳ್ಳಲು ದುಡ್ಡೇನೂ ಬೇಕಿಲ್ಲ. ಸವಾರನು ಕುಳಿತಾಗ ಸ್ಪ್ರಿಂಗು ತನ್ನ ಒಟ್ಟು ಚಲನೆಯ ಮೂರನೆಯ ಒಂದು ಪಾಲಿನಷ್ಟು ತಗ್ಗುವಂತೆ ಒಂದು ಪಾನದಿಂದ ಬಿಗಿತವನ್ನು ಹೊಂದಿಸಿದರಾಯಿತು.

ಆದರೆ ಎಲ್ಲಿ ಓಡಿಸುವುದು? ದಾಂಡೇಲಿಯಿಂದ ಗಣೇಶಗುಡಿ, ಜೋಯಿಡಾ ಕಡೆಗೆ ಹೋಗುವ ದಾರಿಯ ತಿರುವುಗಳು ಮೋಹಕವಾಗಿರುವುದನ್ನು ನಾನು ಬಲ್ಲೆ. ಅದು ಕಾಡಿನ ದಾರಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶವಿರುವುದು ಇದೇ ಸೀಮೆಯಲ್ಲಿ. ತಿರುವಿನಾಚೆ ಕಡವೆ ನಿಂತಿದೆಯೋ, ಮರದ ಲಾರಿ ಬರುತ್ತಿದೆಯೋ ಯಾವ ಸೂತ್ರವೂ ಹೇಳದು. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದ ಪಂದ್ಯವು ೧೯೮೮ರ ಮೋಟಾರು ವಾಹನ ಕಾಯಿದೆಯ ೧೮೯ನೆಯ ಕಲಮಿನಂತೆ ಅಪರಾಧವೂ ಹೌದು. ೨೦೧೫ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದ ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು ಕೋಲಾರದ ಸಮೀಪ ಮಣ್ಣಿನ ಪಥವುಳ್ಳ ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಉತ್ತರ ಕನ್ನಡದ ಹುಡುಗರು ಅಷ್ಟು ದೂರ ಹೋಗಬೇಕೇಕೆ? ಹಳಿಯಾಳ ಅಥವಾ ಮುಂಡಗೋಡಿನ ಬಯಲಿನಲ್ಲಿ, ಭತ್ತದ ಕೊಯ್ಲಾದ ಮೇಲೆ, ಒಡೆಯನ ಒಪ್ಪಿಗೆ ಪಡೆದು ಹಗ್ಗ ಕಟ್ಟಿದ ಒಂದು ಮಣ್ಣಿನ ಪಥವನ್ನು ಕಾಲೇಜುಗಳು ಕೂಡಿ ಸಿದ್ಧಪಡಿಸಬಾರದೆ? ಅಲ್ಲಿ ಶಿರಸ್ತ್ರಾಣವನ್ನೂ ವೈದ್ಯನನ್ನೂ ಕಡ್ಡಾಯ ಮಾಡಬಹುದು.

ಅಂಥ ಪಥ ದೊರೆತರೆ ಅಲ್ಲಿ ಮಾಡತಕ್ಕ ಪ್ರಯೋಗ ಸುಲಭ. ಒಬ್ಬನೇ ಸವಾರ, ಒಂದೇ ಗಾಡಿ. ಹತ್ತು ಸುತ್ತುಗಳ ಕಾಲವನ್ನು ಗಡಿಯಾರ ಹಿಡಿದು ಬರೆದುಕೊಂಡು ಸರಾಸರಿ ತೆಗೆಯಿರಿ. ಬಳಿಕ ಟೈರಿನ ಒತ್ತಡವನ್ನಷ್ಟೆ ಬದಲಿಸಿ ಮತ್ತೆ ಹತ್ತು ಸುತ್ತು. ಆಮೇಲೆ ಸ್ಪ್ರಿಂಗಿನ ಬಿಗಿತವನ್ನಷ್ಟೆ ಬದಲಿಸಿ ಮತ್ತೆ ಹತ್ತು. ನಡುವೆ ಯಾರೂ ಎಂಜಿನ್ನನ್ನು ಮುಟ್ಟಕೂಡದು.